‘ವಿಡಂಬನೆ’ ಪದದ ಅರ್ಥವ್ಯಾಪ್ತಿ: ಹಾಡಿನ ಮಾತು ಮತ್ತು ಧಾಟಿಯ ಸಂದರ್ಭದಲ್ಲಿ

ಮಾನ್ಯರೆ,

ಹಾಡುಗಳು ಸಮಾಜವನ್ನು ಟೀಕಿಸುವ ಬಗೆಯನ್ನು ಕುರಿತು ಕನ್ನಡದಲ್ಲಿ ಬರೆಯುವಾಗಲೆಲ್ಲ ‘ವಿಡಂಬನೆ’ ಎಂಬ ಪದ ತಾನಾಗಿಯೇ ಲೇಖನಿಗೆ ಬಂದುಬಿಡುತ್ತದೆ. ಬೆಳಗಾವಿಯಲ್ಲಿದ್ದು ಬರೆಯುವವರಿಗೆ ಈ ಪದ ಒಂದು ವಿಶೇಷ ತೊಡಕನ್ನು ಒಡ್ಡುತ್ತದೆ, ಏಕೆಂದರೆ ಇಲ್ಲಿಯ ಓದುಗರಲ್ಲಿ ಬಹಳ ಜನ ಕನ್ನಡ, ಮರಾಠಿ ಎರಡನ್ನೂ ಓದುತ್ತಾರೆ, ಹಿಂದಿಯೂ ಅವರ ಕಿವಿಗೆ ಹೊಸದಲ್ಲ. ಕನ್ನಡದಲ್ಲಿ ವಿಡಂಬನೆ ಎಂದರೆ ಸಮಾಜದ ಓರೆಕೋರೆಗಳನ್ನು ನಗೆಯ ಮೂಲಕ ಎತ್ತಿ ತೋರಿಸುವುದು, ಅಂದರೆ ಸಟೈರ್. ಮರಾಠಿಯಲ್ಲಿ ‘ವಿಡಂಬನ’ ಎಂದರೆ ಎಲ್ಲರಿಗೂ ಗೊತ್ತಿರುವ ಕವಿತೆಯೊಂದನ್ನೋ ಹಾಡೊಂದನ್ನೋ ಅದರ ಅಚ್ಚಿನಲ್ಲಿಯೇ ಅಣಕಿಸಿ ಬರೆಯುವುದು, ಅಂದರೆ ಪ್ಯಾರಡಿ. ಮರಾಠಿ ಲೇಖಕ ಆಚಾರ್ಯ ಅತ್ರೆಯವರ ಅಣಕು ಕವಿತೆಗಳನ್ನು ಮರಾಠಿಗರು ಕರೆಯುವುದು ‘ವಿಡಂಬನ ಕಾವ್ಯ’ ಎಂದೇ. ಹಿಂದಿಯ ‘ವಿಡಂಬನಾ’ ಇವೆರಡನ್ನೂ ಬಿಟ್ಟು, ಅಂದುಕೊಂಡದ್ದಕ್ಕೆ ತದ್ವಿರುದ್ಧವಾದದ್ದು ಒದಗುವ ವಿಪರ್ಯಾಸದ ಕಡೆಗೆ ಸರಿದಿದೆ. ಸಂಸ್ಕೃತದ ಮೂಲಪದಕ್ಕೆ ಅನುಕರಣೆ ಎಂಬ ಅರ್ಥವೂ ಅಪಹಾಸ್ಯ ಎಂಬ ಅರ್ಥವೂ ಇರುವುದರಿಂದ ಇವರಲ್ಲಿ ಯಾರನ್ನೂ ತಪ್ಪು ಎನ್ನುವಂತಿಲ್ಲ.

ಕವಿತೆಯ ಮಟ್ಟಿಗೆ ಈ ಗೊಂದಲವನ್ನು ಹೇಗೋ ಸಹಿಸಿಕೊಳ್ಳಬಹುದು. ಹಾಡಿನ ಮಟ್ಟಿಗೆ ಅದು ಸಾಧ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಲೋಕದ ತಪ್ಪನ್ನು ನಕ್ಕು ತೋರಿಸುವುದು, ಬೇರೊಂದು ಹಾಡನ್ನು ಅನುಕರಿಸುವುದು, ಆಡಿದ ಮಾತಿಗೆ ತಿರುಗುಮುರುಗಾದ ಅರ್ಥವನ್ನು ಹೊಳೆಯಿಸುವುದು, ಈ ಮೂರೂ ಕೆಲಸಗಳು ಹಾಡಿನಲ್ಲಿ ಬೇರೆಬೇರೆಯಾಗಿಯೇ ನಡೆಯುತ್ತವೆ. ಇವುಗಳಲ್ಲಿ ಕೊನೆಯ ಎರಡನ್ನು ಅನೇಕ ಸಲ ಮಾತಿಗಿಂತ ಹೆಚ್ಚಾಗಿ ಧಾಟಿಯೇ ನಡೆಸುತ್ತದೆ. ಅಚ್ಚಾದ ಪುಟದಲ್ಲಿ ಸಾಹಿತ್ಯವಷ್ಟೇ ಕಾಣುವುದರಿಂದ ನಾವು ಟೀಕೆಯನ್ನೆಲ್ಲ ಮಾತಿನ ಖಾತೆಗೆ ಜಮಾ ಮಾಡಿ, ವಿಡಂಬನೆ ಎಂದು ಬರೆದು ಮುಂದೆ ಸಾಗುತ್ತೇವೆ.

ಈ ತೊಡಕನ್ನು ಸ್ಪಷ್ಟವಾಗಿ ಕಾಣಿಸುವ ಒಂದು ಉದಾಹರಣೆ ನಮ್ಮ ಸೀಮೆಯದಲ್ಲ, ಲಂಡನ್ನಿನದು. ಜಾನ್ ಗೇ ಎಂಬ ಕವಿಯ ‘ಬೆಗ್ಗರ್ಸ್ ಆಪೆರಾ’ 1728ರಲ್ಲಿ ರಂಗಕ್ಕೆ ಬಂದಿತು. ಅದರಲ್ಲಿ ಕಳ್ಳರು, ಕದ್ದ ಮಾಲಿನ ದಲ್ಲಾಳಿಗಳು, ಸೆರೆಮನೆಯ ಅಧಿಕಾರಿಗಳು ಆ ಕಾಲದ ಜನರಿಗೆ ಬಾಯಿಪಾಠವಾಗಿದ್ದ ಬೀದಿಹಾಡುಗಳ ಧಾಟಿಯಲ್ಲಿ ಹೊಸ ಮಾತುಗಳನ್ನು ಹಾಡುತ್ತಾರೆ. ಆ ನಾಟಕ ಶ್ರೀಮಂತರು ಮೆಚ್ಚುತ್ತಿದ್ದ ಇಟಾಲಿಯನ್ ಆಪೆರಾದ ಆಡಂಬರವನ್ನು ಅಣಕಿಸುತ್ತದೆ, ಅಂದಿನ ಪ್ರಧಾನಿ ರಾಬರ್ಟ್ ವಾಲ್ಪೋಲ್‌ನ ಆಡಳಿತದ ಭ್ರಷ್ಟತೆಯನ್ನು ಗೇಲಿ ಮಾಡುತ್ತದೆ, ಆದರೆ ತಾನು ಎರವಲು ಪಡೆದ ಬೀದಿಹಾಡುಗಳನ್ನು ಮಾತ್ರ ಹೀಗಳೆಯುವುದಿಲ್ಲ. ಎರಡು ನೂರು ವರ್ಷಗಳ ಅನಂತರ, 1928ರಲ್ಲಿ, ನಾಟಕಕಾರ ಬ್ರೆಕ್ಟ್ ಮತ್ತು ಸಂಗೀತ ಸಂಯೋಜಕ ಕುರ್ಟ್ ವೈಲ್ ಇದೇ ಕಥೆಯನ್ನು ಬರ್ಲಿನ್ನಿನಲ್ಲಿ ‘ಥ್ರೀಪೆನಿ ಆಪೆರಾ’ವಾಗಿ ಮತ್ತೆ ಕಟ್ಟಿದರು. ಈಗ ಈ ನಾಟಕದ ಬಗ್ಗೆ ಕನ್ನಡದಲ್ಲಿ ಒಂದು ವಾಕ್ಯ ಬರೆಯಬೇಕೆಂದರೆ ವಾಲ್ಪೋಲ್‌ಗೆ ಒಂದು ಪದ, ಇಟಾಲಿಯನ್ ಆಪೆರಾಕ್ಕೆ ಇನ್ನೊಂದು, ಬೀದಿಹಾಡಿನ ಧಾಟಿಗೆ ಮತ್ತೊಂದು ಪದ ಬೇಕು. ಮೂರು ಕಡೆಗೂ ವಿಡಂಬನೆ ಎಂದೇ ಬರೆದರೆ ವಾಕ್ಯವೇನೋ ಓದಿಸಿಕೊಳ್ಳುತ್ತದೆ, ತಿಳಿವಳಿಕೆ ಮಾತ್ರ ಉಂಟಾಗುವುದಿಲ್ಲ.

ಅಣಕಕ್ಕೆ ಪದವಿದೆ, ‘ಅಣಕು ಹಾಡು’, ‘ಅಣಕವಾಡು’ ಎರಡೂ ಬಳಕೆಯಲ್ಲಿವೆ, ಎರಡೂ ಸ್ವಚ್ಛ ಕನ್ನಡ. ಮರಾಠಿಯ ‘ವಿಡಂಬನ’ವನ್ನು ಅನುವಾದಿಸುವವರು ವಿಡಂಬನೆ ಎಂದು ಬರೆಯದೆ ಅಣಕ ಎಂದು ಬರೆದರೆ ಗೊಂದಲದ ಅರ್ಧಭಾಗ ಅಲ್ಲಿಗೇ ತೀರುತ್ತದೆ. ಉಳಿದ ಅರ್ಧ, ಅಂದರೆ ಧಾಟಿಯ ಎರವಲು, ಹೆಚ್ಚು ಸ್ವಾರಸ್ಯದ್ದು. ನಮ್ಮ ಕಡೆಯ ಹಾಡಿಕೆಯಲ್ಲಿ ಅದು ಎಷ್ಟು ಸಹಜವಾಗಿದೆ ಎಂದರೆ ಅದಕ್ಕೊಂದು ಹೆಸರು ಬೇಕೆಂದು ಯಾರಿಗೂ ಅನ್ನಿಸಿದಂತಿಲ್ಲ. ವಿಜಯಪುರ, ಬಾಗಲಕೋಟೆಯ ಕಡೆ ಮೊಹರಮ್ಮಿನಲ್ಲಿ ಹೆಜ್ಜೆ ಹಾಕುತ್ತ ಹಾಡುವ ರಿವಾಯತ ಪದಗಳನ್ನು ನೋಡಿ. ಕರ್ಬಲೆಯ ಶೋಕಕ್ಕೆ ಮೀಸಲಾದ ಧಾಟಿಯಲ್ಲಿಯೇ ಬರಗಾಲದಂಥ ಊರ ಸಂಕಟವನ್ನೂ ಹಾಡುವುದುಂಟು. ಹಾಗೆ ಹಾಡಿದಾಗ ಕರ್ಬಲೆಯನ್ನು ಯಾರೂ ಹಾಸ್ಯಕ್ಕೆ ಈಡುಮಾಡಿದಂತಾಗುವುದಿಲ್ಲ. ನೀರಿಲ್ಲದೆ ಮಡಿದವರ ನೆನಪನ್ನು ಹೊತ್ತ ಧಾಟಿ ತನ್ನ ತೂಕವನ್ನು ನೀರಿಲ್ಲದ ಊರಿನ ಮಾತಿಗೆ ಕೊಡುತ್ತದೆ. ಟೀಕೆಯ ಅರ್ಧ ಕೆಲಸ ಹಾಡುಗಾರ ಬಾಯಿ ತೆರೆಯುವ ಮೊದಲೇ ಆಗಿರುತ್ತದೆ. 1990ರ ದಶಕದ ಸಾಕ್ಷರತಾ ಆಂದೋಲನದ ಕಲಾಜಾಥಾಗಳು, ಅಂದರೆ ಊರೂರು ಸುತ್ತಿ ಹಾಡಿ ಆಡಿದ ತಂಡಗಳು, ಜನಪದ ಧಾಟಿಗಳಿಗೆ ಹೊಸ ಮಾತು ಹಾಕಿದ್ದೂ ಇದೇ ಜಾತಿಯದು, ಆದರೆ ಅಲ್ಲಿ ಎರವಲಿನ ಉದ್ದೇಶ ಬಹುಮಟ್ಟಿಗೆ ಬೇಗ ಬಾಯಿಗೆ ಬರಲಿ ಎಂಬುದಷ್ಟೇ ಆಗಿತ್ತು.

ಇದಕ್ಕಿಂತ ಸೂಕ್ಷ್ಮವಾದ ಸಂದರ್ಭವೊಂದಿದೆ. ಸವದತ್ತಿಯ ಎಲ್ಲಮ್ಮನ ಭಕ್ತರು ಹಾಡುವ ಚೌಡಿಕೆ ಪದದ ಧಾಟಿಯನ್ನು, ಚೌಡಿಕೆ ಎಂಬ ತಂತಿವಾದ್ಯವನ್ನೇ ನುಡಿಸುತ್ತ, ಮುತ್ತು ಕಟ್ಟುವ, ಅಂದರೆ ಹೆಣ್ಣುಮಕ್ಕಳನ್ನು ದೇವಿಗೆ ಅರ್ಪಿಸುವ, ಪದ್ಧತಿಯನ್ನು ಖಂಡಿಸುವ ಹಾಡಿಗೆ ಬಳಸಿದರೆ ಅದನ್ನು ಏನೆಂದು ಕರೆಯಬೇಕು? ದೇವದಾಸಿಯಾಗಿ ಅರ್ಪಿಸುವುದನ್ನು ಕರ್ನಾಟಕದಲ್ಲಿ 1982ರ ಕಾಯ್ದೆ ನಿಷೇಧಿಸಿತು, ಆದರೆ ಕಾಯ್ದೆಯ ಭಾಷೆ ತಲುಪದ ಕಡೆ ಚೌಡಿಕೆಯ ನಾದ ತಲುಪುತ್ತದೆ. ಇಲ್ಲಿ ಮೂಲ ಹಾಡನ್ನು ನಗೆಗೆ ಗುರಿಮಾಡಿಲ್ಲವಾದ್ದರಿಂದ ಅಣಕವಲ್ಲ. ಮೂಲವನ್ನು ಬರಿದೆ ಎರವಲು ಪಡೆದದ್ದೂ ಅಲ್ಲ, ಏಕೆಂದರೆ ಟೀಕೆಗೆ ಒಳಗಾದ ಪದ್ಧತಿಯೂ ಆ ಧಾಟಿಯೂ ಒಂದೇ ಅಂಗಳದಲ್ಲಿ ಬೆಳೆದವು. ದೇವಿಯ ಮೇಲಿನ ಭಕ್ತಿ ಉಳಿದುಕೊಂಡೇ ಪದ್ಧತಿಯ ಮೇಲಿನ ಸಿಟ್ಟು ಮೂಡುತ್ತದೆ, ಮತ್ತು ಆ ಎರಡನ್ನೂ ಒಟ್ಟಿಗೆ ಹಿಡಿದಿಡುವುದು ವಾದ್ಯವೇ ಹೊರತು ಸಾಹಿತ್ಯವಲ್ಲ. ‘ವಿಡಂಬನೆ’ ಎಂಬ ಪದ ಇದರ ಹತ್ತಿರಕ್ಕೂ ಸುಳಿಯುವುದಿಲ್ಲ.

ಧಾಟಿಯನ್ನು ಸೂಚಿಸುವ ಪದಗಳ ಬಗ್ಗೆಯೂ ಇಲ್ಲಿ ಒಂದೆರಡು ಮಾತು ಅಗತ್ಯ. ಲಾವಣಿ, ಗೀಗೀ ಮೇಳದವರ ಬಾಯಲ್ಲಿ ಕೇಳಿಬರುವುದು ‘ಚಾಲ’. ಪಲ್ಲ, ನುಡಿ, ಏರು, ಇಳುವು ಎಂಬ ಅವರ ಇತರ ಪದಗಳ ಜೊತೆಗೆ ಇದೂ ಸೇರುತ್ತದೆ, ಮತ್ತು ಮರಾಠಿಯ ‘ಚಾಲ್’ ಇದರ ಒಡಹುಟ್ಟು. ಕರಾವಳಿಯವರು, ಹಳೆಯ ನಾಟಕದ ಹಾಡುಗಳನ್ನು ಬಲ್ಲವರು ‘ಮಟ್ಟು’ ಎನ್ನುತ್ತಾರೆ. ಬರವಣಿಗೆಯಲ್ಲಿ ನಾವೆಲ್ಲ ‘ಧಾಟಿ’ ಎನ್ನುತ್ತೇವೆ. ಮೂರರಲ್ಲಿ ಧಾಟಿಗೆ ಮಾತ್ರ ಮಾತಿನ ಠೀವಿ ಎಂಬ ಅರ್ಥವೂ ಇದೆ: ‘ಆ ಧಾಟಿಯಲ್ಲಿ ಮಾತಾಡಬೇಡಿ’ ಎನ್ನುವಾಗ ಎದುರಿನವರ ಶಬ್ದಗಳ ಮೇಲೆ ನಮಗೆ ಆಕ್ಷೇಪಣೆ ಇರುವುದಿಲ್ಲ, ಆ ಶಬ್ದಗಳನ್ನು ಹೊತ್ತು ತಂದ ದನಿಯ ಮೇಲೆ ಇರುತ್ತದೆ. ಹಾಡಿನ ಟೀಕೆಯನ್ನು ವಿವರಿಸಲು ಈ ಎರಡರ್ಥ ಅಡ್ಡಿಯಾಗುವ ಬದಲು ಉಪಕಾರಿಯೇ ಆಗಬಹುದು. ಶಾಸ್ತ್ರೀಯ ಸಂಗೀತದವರು ಬಳಸುವ ‘ಗಾಯಕಿ’ಯನ್ನು ಮಾತ್ರ ಕನ್ನಡದ ಬರವಣಿಗೆಗೆ ತರದಿರುವುದೇ ಒಳ್ಳೆಯದು, ಶೈಲಿಯ ಬಗ್ಗೆ ಬರೆದದ್ದನ್ನು ಓದುಗರು ಹಾಡುವ ಹೆಣ್ಣುಮಗಳ ಬಗ್ಗೆ ಎಂದು ತಿಳಿಯುತ್ತಾರೆ.

ಶೈಲಿಯ ಮಾತು ಬಂದದ್ದರಿಂದ ಬೆಳಗಾವಿಯ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರನ್ನು ಬಿಡುವಂತಿಲ್ಲ. ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದ ಮೇಲೆ ಅವರು ಮಾಳವದ ನಾಥಪಂಥದ ಹಾಡುಗಾರರಿಂದ ಪಡೆದ ಪ್ರೇರಣೆಯಿಂದ ಕಬೀರನ ನಿರ್ಗುಣ ಪದಗಳನ್ನು ಹಾಡಿದರು. ಅದೇ ಪದಗಳನ್ನು ಮಧುರ ಭಜನೆಯಾಗಿ ಹಾಡಿದಾಗ ಕೇಳುಗರು ತಲೆದೂಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಕುಮಾರರು ದನಿಯನ್ನು ಥಟ್ಟನೆ ಎಸೆದು, ಅಲಂಕಾರವನ್ನು ತಡೆದು, ನಡುನಡುವೆ ಮೌನ ಬಿಟ್ಟು ಹಾಡುವಾಗ ಕಬೀರ ಎದುರಿಗೆ ನಿಂತು ಪ್ರಶ್ನಿಸಿದಂತಾಗುತ್ತದೆ. ಒಂದಕ್ಷರವನ್ನೂ ಬದಲಿಸದೆ ಸಮಾಧಾನವನ್ನು ಸವಾಲಾಗಿ ತಿರುಗಿಸುವ ಈ ಕೆಲಸವನ್ನು ಸಾಹಿತ್ಯವಿಮರ್ಶೆಯ ಪದಗಳಿಂದ ಅಳೆಯಹೊರಟರೆ ಕೈಗೆ ಏನೂ ಸಿಗುವುದಿಲ್ಲ.

ಲಾವಣಿಯಲ್ಲಿಯೂ ರೂಪವೇ ಅಭಿಪ್ರಾಯವಾಗುವ ಸಂದರ್ಭಗಳಿವೆ. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ 19ನೆಯ ಶತಮಾನದಲ್ಲಿ ಈ ಭಾಗದ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆ್ಯಂಟಿಕ್ವೆರಿ’ ಎಂಬ ನಿಯತಕಾಲಿಕದಲ್ಲಿ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ಬಂಡಾಯ, 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಮುಧೋಳ ಸೀಮೆಯ ಹಲಗಲಿಯ ಬೇಡರ ಹೋರಾಟ, ಇವುಗಳ ಜೊತೆಯಲ್ಲಿಯೇ ಆದಾಯ ತೆರಿಗೆಯ ಮೇಲೆ ಒಂದು, ಹೊಸ ಕಂದಾಯ ನಿಗದಿಯ ಮೇಲೆ ಒಂದು ಲಾವಣಿ ಅಲ್ಲಿವೆ. ಆದಾಯ ತೆರಿಗೆ ಹಿಂದುಸ್ಥಾನಕ್ಕೆ ಮೊದಲು ಬಂದದ್ದು 1860ರಲ್ಲಿ. ಕತ್ತಿ ಹಿರಿದವರ ಕಥೆಗೆ ಒದಗುವ ಲಾವಣಿಯನ್ನೇ ಕಾರಕೂನನ ದಫ್ತರಿನ ಸಂಗತಿಗೂ ಹಚ್ಚಿದಾಗ, ತೆರಿಗೆಯ ವಸೂಲಿ ದಂಡಯಾತ್ರೆಯ ಸಾಲಿನಲ್ಲಿ ನಿಲ್ಲುತ್ತದೆ. ಇದನ್ನು ವಿಡಂಬನೆ ಎನ್ನುವುದಕ್ಕಿಂತ ದೂರು ಎನ್ನುವುದು ಮೇಲು.

ಗೀಗೀ ಪದದಲ್ಲಿ ಇನ್ನೊಂದು ಅಂಶವಿದೆ. ಮುಂದೆ ನಿಂತವರು ದಪ್ಪು ಬಾರಿಸುತ್ತ ನುಡಿಯನ್ನು ಹಾಡುತ್ತಾರೆ, ಹಿಮ್ಮೇಳದವರು ತುಂತುಣಿ, ತಾಳಗಳೊಂದಿಗೆ ‘ಗೀ ಗೀ’ ಎಂದು ಎತ್ತಿಕೊಳ್ಳುತ್ತಾರೆ. ಆ ಸೊಲ್ಲಿಗೆ ನಿಘಂಟಿನ ಅರ್ಥವಿಲ್ಲ, ಆದರೆ ಚುಚ್ಚುಮಾತಿನ ಬೆನ್ನಿಗೇ ಅದು ಬಂದಾಗ ಮೇಳವೆಲ್ಲ ಆ ಮಾತಿಗೆ ರುಜು ಹಾಕಿದಂತಾಗುತ್ತದೆ. ಎರಡು ಮೇಳಗಳು ಎದುರುಬದುರಾಗಿ ಹಾಡುವ ಹರದೇಶಿ-ನಾಗೇಶಿಯ ವಾದದಲ್ಲಿ ಒಂದು ಮೇಳ ಗಂಡನ್ನು, ಇನ್ನೊಂದು ಹೆಣ್ಣನ್ನು ಮೇಲೆಂದು ಸಾಧಿಸುವುದರಿಂದ ಹಾಡಿದ ಟೀಕೆ ಹಾಡುಗಾರರ ಸ್ವಂತ ಅಭಿಪ್ರಾಯವೆಂದು ತಿಳಿಯುವಂತಿಲ್ಲ. ಅದು ಅವರು ಹಿಡಿದ ಪಕ್ಷದ ಮಾತು. ಅಚ್ಚಾದ ಸಂಗ್ರಹದಲ್ಲಿ ಒಂದು ಪಕ್ಷದ ಪದವನ್ನಷ್ಟೇ ಓದಿ ‘ಸ್ತ್ರೀನಿಂದೆ’ ಎಂದೋ ‘ಸ್ತ್ರೀಪರ ವಿಡಂಬನೆ’ ಎಂದೋ ತೀರ್ಪು ಕೊಡುವವರು, ಆ ಪದಕ್ಕೆ ಅದೇ ರಾತ್ರಿ ಉತ್ತರವಿತ್ತೆಂಬುದನ್ನು ಮರೆಯುತ್ತಾರೆ.

ತಿರುಗುಮುರುಗಾದ ಅರ್ಥಕ್ಕೆ ‘ವ್ಯಂಗ್ಯ’ ಎಂಬ ಪದ ಸಿದ್ಧವಾಗಿದೆ. ಕಾವ್ಯಮೀಮಾಂಸೆಯಲ್ಲಿ ವ್ಯಂಗ್ಯವೆಂದರೆ ಧ್ವನಿಸುವ ಅರ್ಥ, ಅದು ಶೃಂಗಾರವೂ ಆಗಿರಬಹುದು, ಕರುಣವೂ ಆಗಿರಬಹುದು. ದಿನಬಳಕೆಯಲ್ಲಿ ಅದು ಕೊಂಕುಮಾತಿಗೆ ಸೀಮಿತವಾಗಿದೆ. ಮರಾಠಿಯ ‘ವ್ಯಂಗ’ ಎಂದರೆ ಅಂಗದ ಊನ, ಹಾಗಾಗಿ ಗಡಿಭಾಗದಲ್ಲಿ ಇದಕ್ಕೂ ಸ್ವಲ್ಪ ಎಚ್ಚರ ಬೇಕು. ದಾಸರ ನಿಂದಾಸ್ತುತಿಗಳು ಹೊರಗೆ ಬೈಗುಳ, ಒಳಗೆ ಹೊಗಳಿಕೆ. ಇದರ ತದ್ವಿರುದ್ಧವೂ ಉಂಟು. 1984ರಲ್ಲಿ ಬಂದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಇನ್ ದ ಯು.ಎಸ್.ಎ.’ ಹಾಡಿನ ಚರಣಗಳು ವಿಯೆಟ್ನಾಂ ಯುದ್ಧದಿಂದ ಮರಳಿ ಕೆಲಸ ಸಿಗದೆ ಅಲೆಯುವ ಸೈನಿಕನ ಪಾಡನ್ನು ಹೇಳುತ್ತವೆ, ಪಲ್ಲವಿ ಜಯಘೋಷದಂತೆ ಮೊಳಗುತ್ತದೆ, ಪಲ್ಲವಿಯನ್ನಷ್ಟೇ ಕೇಳಿಸಿಕೊಂಡ ಅನೇಕರು ಅದನ್ನು ದೇಶಾಭಿಮಾನದ ಹಾಡೆಂದೇ ತಿಳಿದರು. ಶಿಶುನಾಳ ಷರೀಫರ ಬೆಡಗಿನ ಪದಗಳನ್ನು ಕೆಲವರು ಇದೇ ಗುಂಪಿಗೆ ಸೇರಿಸುತ್ತಾರೆ, ಅದು ಸರಿಯಲ್ಲ. ಬೆಡಗಿನಲ್ಲಿ ಅರ್ಥ ಅಡಗಿರುತ್ತದೆ, ವ್ಯಂಗ್ಯದಲ್ಲಿ ಮಗುಚಿಕೊಂಡಿರುತ್ತದೆ.

ಕೊನೆಯದಾಗಿ ಬೀಸುಕಲ್ಲಿನ ಪದ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ ತ್ರಿಪದಿಗಳು ಪುಟದ ಮೇಲೆ ಮೂರು ಸಾಲಿನವು. ಹಾಡುವಾಗ ಎರಡನೆಯ ಸಾಲು ಮರುಕಳಿಸುವುದರಿಂದ ಮೂರನೆಯದು ತಡವಾಗಿ ಬರುತ್ತದೆ. ಅತ್ತೆಮನೆಯ ಬಗ್ಗೆ ಹೆಣ್ಣುಮಗಳು ಹೇಳಬೇಕಾದ ಕಹಿ ಇರುವುದು ಸಾಮಾನ್ಯವಾಗಿ ಆ ತಡವಾದ ಸಾಲಿನಲ್ಲಿ. ಕಲ್ಲಿನ ಸದ್ದಿನ ಮರೆ ಇದ್ದುದರಿಂದ, ಕೇಳಬಾರದವರಿಗೆ ಅದು ಕೇಳಿಸುತ್ತಲೂ ಇರಲಿಲ್ಲ. ನಗೆಯೇ ಇಲ್ಲದ ಈ ಟೀಕೆಯನ್ನು ವಿಡಂಬನೆಯ ಪಟ್ಟಿಯಲ್ಲಿ ಕಂಡಾಗಲೆಲ್ಲ ನನಗೆ ಇರುಸುಮುರುಸಾಗುತ್ತದೆ.

ಹೀಗಾಗಿ ನನ್ನ ಸೂಚನೆ ಇಷ್ಟು. ಲೋಕದ ತಪ್ಪನ್ನು ನಗೆಯಿಂದ ತೋರಿಸುವುದಕ್ಕೆ ಮಾತ್ರ ವಿಡಂಬನೆಯನ್ನು ಉಳಿಸಿಕೊಳ್ಳೋಣ. ಹಾಡನ್ನೇ ಗುರಿಮಾಡಿದ ಅನುಕರಣೆಗೆ ಅಣಕ, ಮಗುಚಿದ ಅರ್ಥಕ್ಕೆ ವ್ಯಂಗ್ಯ ಇರಲಿ. ಮೂಲವನ್ನು ಹೀಗಳೆಯದೆ ಅದರ ಧಾಟಿಯನ್ನು ಪಡೆದು ಟೀಕೆ ಮಾಡುವುದಕ್ಕೆ ‘ಎರವಲು ಚಾಲ’ ಎನ್ನಬಹುದೇ ಎಂದು ಕೇಳಬಯಸುತ್ತೇನೆ. ‘ಚಾಲ’ ಎಂದೊಡನೆ ದಕ್ಷಿಣದ ಓದುಗರಿಗೆ ‘ಚಾಲಾಕಿ’ ನೆನಪಾಗುವ ಅಪಾಯವಿದ್ದರೆ ‘ಎರವಲು ಧಾಟಿ’ಯೂ ಆಗಬಹುದು. ಹಳಗನ್ನಡದಲ್ಲಾಗಲಿ ನಡುಗನ್ನಡದಲ್ಲಾಗಲಿ ‘ವಿಡಂಬನೆ’ಯು ಅಪಹಾಸ್ಯದ ಸೋಂಕಿಲ್ಲದೆ ಬರಿಯ ಅನುಕರಣೆ ಎಂಬ ಅರ್ಥದಲ್ಲಿ ಬಂದ ಪ್ರಯೋಗಗಳನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಗೋಕಾಕ, ಮುಧೋಳದ ಕಡೆಯ ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟದ ಮೇಳಗಳ ಪರಿಚಯವಿರುವವರಲ್ಲಿ ಇನ್ನೊಂದು ವಿನಂತಿ: ಕಥೆಯ ಹಾಡಿನ ನಡುವೆ, ಧಾಟಿಯನ್ನು ಮುರಿಯದೆ, ಊರಿನ ಈಗಿನ ಸಂಗತಿಯೊಂದನ್ನು ಎಳೆದು ತಂದು ಕುಟುಕುವುದಕ್ಕೆ ಮೇಳದವರು ತಮ್ಮತಮ್ಮಲ್ಲಿ ಬಳಸುವ ಹೆಸರೇನಾದರೂ ಇದೆಯೇ?