ಕೊಕ್ಕರೆಗೆ ಕೊಕ್ಕು, ಗಿಣಿಗೆ ಮಾತ್ರ ಮೂತಿಯೇ?

ಚಿತ್ರಪುಟ ಕೇಳಿದ್ದು:

ಮಕ್ಕಳ ಚಿತ್ರಪುಸ್ತಕವೊಂದಕ್ಕೆ ಹಕ್ಕಿಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಹಕ್ಕಿಗೆ ಮೂರೇ ಸಾಲು. ಐದನೆಯ ಪುಟಕ್ಕೆ ಬರುವ ಹೊತ್ತಿಗೆ ‘ಕೊಕ್ಕು’ ಹನ್ನೊಂದು ಸಲ ಬಂದಿತ್ತು. ಬೇಸತ್ತು ಗಿಣಿಯ ಪುಟದಲ್ಲಿ ‘ಕೆಂಪು ಮೂತಿ’ ಎಂದು ಬರೆದೆ. ಕರಡು ತಿದ್ದಿದವರು ಅದನ್ನು ಹೊಡೆದುಹಾಕಿ, ‘ಮೂತಿ ಪ್ರಾಣಿಗಳಿಗೆ, ಹಕ್ಕಿಗೆ ಕೊಕ್ಕು’ ಎಂದು ಅಂಚಿನಲ್ಲಿ ಗೀಚಿದ್ದಾರೆ. ಹಾಗಾದರೆ ಗಿಣಿಮೂತಿ ಮಾವಿನಕಾಯಿಯ ಹೆಸರನ್ನೂ ತಿದ್ದುತ್ತಾರೆಯೇ?

ಜಗಳಕ್ಕೆ ಹೋಗುವ ಮೊದಲು ತಿಳಿದವರನ್ನು ಕೇಳೋಣ ಎನ್ನಿಸಿತು. ಕೊಕ್ಕು ಎಂಬ ಮಾತು ಎಲ್ಲಿಂದ ಬಂತು? ಕೊಕ್ಕರೆಗೂ ಕೊಕ್ಕೆಗೂ ಅದಕ್ಕೂ ನಂಟಿದೆಯೇ? ಚಂಚು ಎಂದು ಬರೆದರೆ ಮಕ್ಕಳು ಓಡಿಹೋಗುತ್ತಾರೆ, ಅದೊಂದನ್ನು ಬಿಟ್ಟು ಹೇಳಿ.

ನಿಘಂಟುಹುಳು:

ಅಕ್ಕಪಕ್ಕದ ಭಾಷೆಗಳ ಮನೆಗೆ ಒಮ್ಮೆ ಹೋಗಿಬನ್ನಿ. ತಮಿಳಿನಲ್ಲಿ ‘ಕೊಕ್ಕು’ ಎಂದರೆ ಹಕ್ಕಿಯೇ, ನಮ್ಮ ಬೆಳ್ಳಕ್ಕಿ, ಬಕಗಳ ಜಾತಿಯದು. ಮಲಯಾಳದಲ್ಲಿ ಅದೇ ಮಾತಿಗೆ ಹಕ್ಕಿ ಎಂಬ ಅರ್ಥವೂ ಇದೆ, ಹಕ್ಕಿಯ ಬಾಯಿ ಎಂಬ ಅರ್ಥವೂ ಇದೆ. ನಾವು ಕನ್ನಡದವರು ಆಸ್ತಿ ಪಾಲು ಮಾಡಿದಂತೆ ಹಕ್ಕಿಗೆ ಕೊಕ್ಕರೆ, ಬಾಯಿಗೆ ಕೊಕ್ಕು ಎಂದು ಹಂಚಿಬಿಟ್ಟೆವು. ತೆಲುಗರಿಗೆ ಈ ತಂಟೆಯೇ ಇಲ್ಲ. ಮನುಷ್ಯನ ಮೂಗೂ ‘ಮುಕ್ಕು’, ಕಾಗೆಯದೂ ‘ಮುಕ್ಕು’. ತಮಿಳಿನ ‘ಮೂಕ್ಕು’ ಕೂಡ ಎರಡಕ್ಕೂ ಸಲ್ಲುತ್ತದೆ. ಮೂಗಿಗೂ ಕೊಕ್ಕಿಗೂ ನಡುವೆ ಗೋಡೆ ಎಬ್ಬಿಸಬೇಕೆಂಬ ನಿಯಮ ನಿಮ್ಮ ಕರಡು ತಿದ್ದುವವರದು, ಭಾಷೆಯದಲ್ಲ.

ಇನ್ನು ಚಂಚು. ಅದನ್ನು ಬಿಡಿ ಎಂದಿರಿ, ಬಿಡಲು ನನಗೆ ಮನಸ್ಸಿಲ್ಲ. ‘ಆ ಶಾಸ್ತ್ರದಲ್ಲಿ ನನಗೆ ಚಂಚುಪ್ರವೇಶವೂ ಇಲ್ಲ’ ಎನ್ನುವಾಗ ನಾವು ಹೇಳುವುದೇನು? ಕೊಕ್ಕಿನ ತುದಿಯನ್ನಾದರೂ ನೀರಿಗೆ ಅದ್ದಿದವನಲ್ಲ ಎಂದು. ಎಷ್ಟು ಚೆಂದದ ಚಿತ್ರ! ಭಾಷಣಗಳಲ್ಲಿ ಸವೆದು ಈಗ ಯಾರ ಕಣ್ಣಿಗೂ ಹಕ್ಕಿ ಕಾಣುವುದಿಲ್ಲ. ಹಿಂದಿಯವರ ಬಾಯಲ್ಲಿ ಇದೇ ಚಂಚು ‘ಚೋಂಚ್’ ಆಗಿ ಇಂದಿಗೂ ದಿನಬಳಕೆಯಲ್ಲಿದೆ. ಸಂಸ್ಕೃತದ ‘ತುಂಡ’ವಂತೂ ಹಕ್ಕಿಯ ಕೊಕ್ಕು, ಹಂದಿಯ ಮೂತಿ, ಆನೆಯ ಸೊಂಡಿಲು ಎಲ್ಲಕ್ಕೂ ಒಂದೇ. ವಕ್ರತುಂಡ ಎಂದಾಗ ಯಾರೂ ಅಂಚಿನಲ್ಲಿ ಗೀಚಲಿಲ್ಲ.

ಕೆರೆಏರಿ:

ಕೊಕ್ಕೆಯ ವಿಷಯಕ್ಕೆ ಒಂದು ಮಾತು. ಕೊಕ್ಕೆ ಎಂದರೆ ಬಾಗಿದ್ದು. ಕೊಕ್ಕು ಅದರಿಂದಲೇ ಹುಟ್ಟಿತು ಎನ್ನುವವರು ಒಮ್ಮೆ ದೂರದರ್ಶಕ ಹಿಡಿದು ನೀರಿನ ಬದಿಯಲ್ಲಿ ಕೂರಬೇಕು. ಬಕದ ಕೊಕ್ಕು ದಬ್ಬಳದಷ್ಟು ನೇರ. ಕೊಕ್ಕೆಯಂತಿರುವುದು ಗಿಣಿಯದು, ಹದ್ದಿನದು. ಕೊಕ್ಕು ಎಂಬ ಮಾತಿನ ನಂಟು ನೀರಹಕ್ಕಿಯ ಜೊತೆ ಇದ್ದರೆ ಬಾಗುವಿಕೆಯ ಕಥೆ ಅಷ್ಟು ಸಲೀಸಾಗಿ ಒಪ್ಪುವಂಥದ್ದಲ್ಲ. ಗಿಣಿಯ ಬಾಯಿಗೆ ಜನ ಬೇರೆ ಮಾತು ಹುಡುಕಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಅದು ನಿಜಕ್ಕೂ ಮೂತಿಯಂತೆಯೇ ಇದೆ, ಮೋಟು, ದಪ್ಪ, ಮುಖಕ್ಕೆ ಒತ್ತಿಕೊಂಡದ್ದು.

ನಿಮ್ಮ ಪುಸ್ತಕದಲ್ಲಿ ಬಾಯ್ಕಳಕ ಎಂಬ ಕೊಕ್ಕರೆ ಇದೆಯೇ? ಅದರ ಕೊಕ್ಕಿನ ಎರಡು ದಳಗಳು ಬುಡದಲ್ಲಿ ಸೇರುತ್ತವೆ, ತುದಿಯಲ್ಲಿ ಸೇರುತ್ತವೆ, ನಡುವೆ ಮಾತ್ರ ಬೆಳಕು ಕಾಣುವಷ್ಟು ಸಂದು. ಮರಿಗೆ ಆ ಸಂದು ಇರುವುದಿಲ್ಲ, ಬೆಳೆಯುತ್ತ ಬರುತ್ತದೆ. ವಿಜ್ಞಾನಿಗಳು ಇಟ್ಟ ಹೆಸರು ಅನಾಸ್ಟೊಮಸ್ ಆಸಿಟನ್ಸ್, ಅದರ ಎರಡನೆಯ ಪದಕ್ಕೆ ಆಕಳಿಸುವುದು ಎಂದರ್ಥ. ನಮ್ಮ ಹೆಸರೂ ಅವರ ಹೆಸರೂ ಬಾಯಿಯ ಸುತ್ತಲೇ ಸುತ್ತಿವೆ.

ಹಳೆಯ ಮೇಷ್ಟರು:

ಕೊಕ್ಕು ಹಕ್ಕಿಯನ್ನು ಬಿಟ್ಟು ಎಲ್ಲೆಲ್ಲಿಗೆ ಹಾರಿದೆ ನೋಡಿ. ಸುಶ್ರುತ ಸಂಹಿತೆಯಲ್ಲಿ ಮೈಯಲ್ಲಿ ನೆಟ್ಟ ಮುಳ್ಳು, ಬಾಣದ ಚೂರು ಕೀಳುವ ಇಕ್ಕಳಗಳಿಗೆ ಪ್ರಾಣಿಪಕ್ಷಿಗಳ ಮುಖದ ಹೆಸರುಗಳಿವೆ. ಅವುಗಳಲ್ಲಿ ಶ್ರೇಷ್ಠ ಎನ್ನಿಸಿಕೊಂಡದ್ದು ಸಿಂಹಮುಖವಲ್ಲ, ಕಂಕಮುಖ, ಅಂದರೆ ಬಕದ ಮೋರೆಯದು. ಸಲೀಸಾಗಿ ಒಳಹೋಗಿ, ಹಿಡಿದದ್ದನ್ನು ಬಿಡದೆ ಹೊರಬರುತ್ತದೆಯಂತೆ. ಅತ್ತ ರೋಮನ್ನರು ಹಡಗಿನ ಮೂತಿಗೆ ಕೊಕ್ಕು ಎಂದೇ ಕರೆದರು, ರೋಸ್ಟ್ರಮ್. ಕ್ರಿ.ಪೂ. 338ರಲ್ಲಿ ಆಂಟಿಯಮ್ ಊರಿನವರ ಹಡಗುಗಳಿಂದ ಕಿತ್ತ ಕೊಕ್ಕುಗಳನ್ನು ಭಾಷಣದ ಕಟ್ಟೆಗೆ ಸಿಕ್ಕಿಸಿದರು. ಅಂದಿನಿಂದ ಆ ಕಟ್ಟೆಗೇ ಆ ಹೆಸರು. ಇಂಗ್ಲಿಷಿನಲ್ಲಿ ಇಂದಿಗೂ ಭಾಷಣಕಾರ ಹತ್ತಿ ನಿಲ್ಲುವುದು ‘ಕೊಕ್ಕಿನ’ ಮೇಲೆಯೇ.

ಚಿತ್ರಪುಟ:

ಎಲ್ಲರಿಗೂ ವಂದನೆ. ಗಿಣಿಗೆ ಮೂತಿ ವಾಪಸ್ಸು ಬಂದಿದೆ, ಅಂಚಿನಲ್ಲಿ ‘ಮಾವಿನಕಾಯಿ ನೋಡಿ’ ಎಂದು ನಾನೂ ಗೀಚಿದ್ದೇನೆ. ಬಾಯ್ಕಳಕ ಪಟ್ಟಿಯಲ್ಲಿ ಇರಲಿಲ್ಲ, ಈಗ ಸೇರಿಸಿದೆ. ಅದರ ಮೂರು ಸಾಲು ಹೀಗಿದೆ: ‘ನಾನು ಬಾಯಿ ಮುಚ್ಚಿದರೂ ಪೂರ್ತಿ ಮುಚ್ಚುವುದಿಲ್ಲ. ನಡುವಿನ ಸಂದಿನಿಂದ ಆಚೆಯ ಆಕಾಶ ಕಾಣುತ್ತದೆ. ನನ್ನ ಮರಿಗೆ ಇನ್ನೂ ಕಾಣುವುದಿಲ್ಲ.’ ಇಲ್ಲಿ ಕೊಕ್ಕು ಎಂಬ ಮಾತು ಬೇಕೇ ಆಗಲಿಲ್ಲ.