ಅಮ್ಮನ ಮಂಡಿ ಆಪರೇಷನ್: ‘ಇನ್ಫೆಕ್ಷನ್ ಆಗದ ಕೋಟಿಂಗ್’ ಅಂತ 45 ಸಾವಿರ ಜಾಸ್ತಿ ಕೇಳ್ತಿದ್ದಾರೆ, ಕೊಡಬೇಕಾ?

ಕೊಬ್ಬರಿ ಗಿಟುಕು, ತಿಪಟೂರು

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 64 ವರ್ಷ, ಶುಗರ್ ಇದೆ. ಬಲಗಾಲು ಈಗ ಮಡಚೋಕೇ ಆಗಲ್ಲ, ಹಾಲು ಕರೆಯಲು ಕೊಟ್ಟಿಗೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಮಂಡಿ ಬದಲಿಸಲು ಮುಂದಿನ ತಿಂಗಳು ಡೇಟ್ ಕೊಟ್ಟಿದ್ದಾರೆ. ಡಾಕ್ಟರ್ ಮಾತಾಡಿದ್ದು ಐದೇ ನಿಮಿಷ. ಆಮೇಲೆ ಪ್ಯಾಕೇಜ್ ಹೇಳುವ ಹುಡುಗ ಕೂರಿಸಿಕೊಂಡು ಮೊಬೈಲ್‌ನಲ್ಲಿ ಎರಡು ಫೋಟೊ ತೋರಿಸಿದ. ಒಂದು ಮಾಮೂಲಿ, ತೊಳೆದಿಟ್ಟ ಸ್ಟೀಲ್ ಲೋಟದ ಥರ ಇತ್ತು. ಇನ್ನೊಂದು ಚಿನ್ನದ ಬಣ್ಣ. ‘ಇದಕ್ಕೆ ಕೋಟಿಂಗ್ ಇದೆ ಸರ್, ಇನ್ಫೆಕ್ಷನ್ ಆಗಲ್ಲ, ಶುಗರ್ ಇರೋರಿಗೆ ಇದೇ ಒಳ್ಳೇದು’ ಅಂದ.

ನಮ್ಮ ಮನೆಯಲ್ಲಿ ಇನ್ಫೆಕ್ಷನ್ ಅಂದರೆ ಎಲ್ಲರಿಗೂ ಭಯ. ದೊಡ್ಡಪ್ಪನಿಗೆ ತೊಡೆಗೆ ರಾಡ್ ಹಾಕಿದ್ದು ಕೀವಾಗಿ ಮೂರು ಸಲ ಕುಯ್ದರು, ಕೊನೆಗೆ ರಾಡನ್ನೇ ತೆಗೆದರು. 45 ಸಾವಿರ ನಮಗೆ ಸಣ್ಣ ದುಡ್ಡಲ್ಲ. ನಿಜವಾಗಲೂ ತಡೆಯುತ್ತೆ ಅಂದರೆ ಹೇಗೋ ಹೊಂದಿಸುತ್ತೇನೆ. ಗೊತ್ತಿರುವವರು ಹೇಳಿ.

ಓಟಿ ಸಿಸ್ಟರ್, ತುಮಕೂರು

ಮೂಳೆ ಆಪರೇಷನ್ ಥಿಯೇಟರ್‌ನಲ್ಲಿ 17 ವರ್ಷದಿಂದ ಇದ್ದೇನೆ. ಚಿನ್ನದ ಬಣ್ಣ ಅಂದರಲ್ಲ, ಅದು ಹೆಚ್ಚಾಗಿ ಟೈಟಾನಿಯಂ ನೈಟ್ರೈಡ್ ಅಥವಾ ಅದರ ಜಾತಿಯದೇ ಇನ್ನೊಂದು. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಂಬಣ್ಣದ ಡ್ರಿಲ್ ಬಿಟ್ ಸಿಗುತ್ತಲ್ಲ, ಅದರ ಮೇಲಿರೋದೂ ಅದೇ. ಮಾಮೂಲಿ ಮಂಡಿ ಕೋಬಾಲ್ಟ್ ಕ್ರೋಮಿಯಂ ಲೋಹದ್ದು, ಅದರಲ್ಲಿ ಚೂರು ನಿಕಲ್ ಇರುತ್ತೆ. ನಿಕಲ್ ಅಲರ್ಜಿ ಇರುವವರಿಗೆ ತಾಗದಿರಲಿ, ಸವೆತ ಕಡಿಮೆ ಆಗಲಿ ಅಂತ ಆ ಪದರ ಹಾಕುತ್ತಾರೆ. ಕೀವು ತಡೆಯಲು ಅಂತ ಮಾಡಿದ್ದಲ್ಲ. ಆ ಹುಡುಗನಿಗೆ ಗೊತ್ತಿಲ್ಲದೆ ಹೇಳಿದನೋ, ಗೊತ್ತಿದ್ದೇ ಹೇಳಿದನೋ! ಅಮ್ಮನಿಗೆ ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ಕೆರೆಯುತ್ತಾ ಅಂತ ಕೇಳಿ ನೋಡಿ. ಇಲ್ಲ ಅಂದರೆ ಚಿನ್ನದ ಮಂಡಿ ಸುಮ್ನೆ ಖರ್ಚು.

ಇನ್ಫೆಕ್ಷನ್‌ಗೆ ಅಂತ ನಾವು ನಿಜವಾಗಿ ಬಳಸೋದು ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟ್, ಹೊಸ ಮಂಡಿಯನ್ನು ಮೂಳೆಗೆ ಕೂರಿಸೋ ಅಂಟು. ಪುಡಿ ಮತ್ತು ದ್ರವ ಸೇರಿಸಿ ಕಲಸುತ್ತೇವೆ, ಥಿಯೇಟರ್ ತುಂಬ ಘಾಟು, ಸ್ವಲ್ಪ ಹೊತ್ತಿಗೆ ಚಪಾತಿ ಹಿಟ್ಟಿನ ಹದಕ್ಕೆ ಬರುತ್ತೆ, ಆಮೇಲೆ ಬಿಸಿಯಾಗಿ ಕಲ್ಲಾಗುತ್ತೆ. ಅದರೊಳಗಿನ ಜೆಂಟಾಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಮೊದಲ ದಿನಗಳಲ್ಲಿ ಜಾಸ್ತಿ, ಆಮೇಲೆ ಕಡಿಮೆ ಕಡಿಮೆ ಆಗುತ್ತಾ ಹೊರಗೆ ಬರುತ್ತೆ. 1970ರ ಹೊತ್ತಿಗೇ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಶುರು ಮಾಡಿದ್ದು, ಹೊಸದೇನಲ್ಲ. ಡಾಕ್ಟರ್‌ನ ನೇರ ಕೇಳಿ, ಹುಡುಗನನ್ನಲ್ಲ: ಸಿಮೆಂಟ್‌ನಲ್ಲಿ ಆ್ಯಂಟಿಬಯೋಟಿಕ್ ಇರುತ್ತಾ, ಕುಯ್ಯುವ ಒಂದು ಗಂಟೆಯೊಳಗೆ ಇಂಜೆಕ್ಷನ್ ಕೊಡ್ತೀರಾ, ಮೂರು ತಿಂಗಳ ಶುಗರ್ ಟೆಸ್ಟ್ ಎಷ್ಟಿದ್ದರೆ ಮಾಡ್ತೀರಾ ಅಂತ.

ಗೂಡಿನ ಮಾರ್ಕೆಟ್, ಶಿಡ್ಲಘಟ್ಟ

ಸಿಸ್ಟರ್ ಹೇಳಿದ್ದು ಸರಿ. ನಾನು ಮೆಟೀರಿಯಲ್ಸ್ ಓದುತ್ತಿರುವವನು, ಡಾಕ್ಟರ್ ಅಲ್ಲ. ಕೋಟಿಂಗ್ ಅನ್ನೋದೇ ಮೋಸ ಅಂತ ಮಾತ್ರ ತಿಳಿಯಬೇಡಿ. ಮೈಯೊಳಗೆ ಹೊರಗಿನ ವಸ್ತು ಇದ್ದರೆ ಕೀವಾಗಲು ಎಷ್ಟು ಕಮ್ಮಿ ಬ್ಯಾಕ್ಟೀರಿಯಾ ಸಾಕು ಅಂತ 1957ರಲ್ಲೇ ಇಂಗ್ಲೆಂಡಿನಲ್ಲಿ ಎಲೆಕ್ ಮತ್ತು ಕೋನೆನ್ ಅನ್ನುವವರು ನೋಡಿದ್ದರು. ಬರೀ ಚರ್ಮಕ್ಕೆ ಚುಚ್ಚಿದರೆ ಲಕ್ಷಗಟ್ಟಲೆ ಬೇಕು. ಜೊತೆಗೆ ಒಂದು ಹೊಲಿಗೆ ದಾರ ಇದ್ದರೆ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ ಸಾಕು. ಆ ದಾರ ಯಾವುದು ಗೊತ್ತಾ, ರೇಷ್ಮೆ! ನಮ್ಮೂರಿನ ಮರ್ಯಾದೆ ತೆಗೆದರು.

ಅದು ಯಾಕೆ ಹಾಗೆ ಅಂದರೆ, ಲೋಹಕ್ಕೆ ರಕ್ತನಾಳ ಇಲ್ಲ, ರಕ್ತದಲ್ಲಿ ಬರುವ ಕಾವಲು ಅಲ್ಲಿಗೆ ಸರಿಯಾಗಿ ಮುಟ್ಟಲ್ಲ. ಮೇಲೆ ಕೂತ ಬ್ಯಾಕ್ಟೀರಿಯಾ ಸುತ್ತ ಲೋಳೆ ಕಟ್ಟಿಕೊಳ್ಳುತ್ತೆ, ಕೆರೆ ಮೆಟ್ಟಿಲ ಮೇಲೆ ಪಾಚಿ ಜಾರುತ್ತಲ್ಲ ಹಾಗೆ. ಬಯೋಫಿಲ್ಮ್ ಅಂತಾರೆ. ಅದರೊಳಗೆ ಸೇರಿಕೊಂಡ ಮೇಲೆ ಮಾತ್ರೆ ಇಂಜೆಕ್ಷನ್ ಸರಿಯಾಗಿ ನಾಟಲ್ಲ, ನಿಮ್ಮ ದೊಡ್ಡಪ್ಪನ ರಾಡ್ ತೆಗೆಯಬೇಕಾಗಿ ಬಂದಿದ್ದು ಅದಕ್ಕೇ ಇರಬೇಕು. ಗ್ರಿಸ್ಟಿನಾ ಅನ್ನುವ ಅಮೆರಿಕದ ಮೂಳೆ ಡಾಕ್ಟರ್ 1987ರಲ್ಲಿ ಇದನ್ನು ಜಾಗಕ್ಕಾಗಿ ನಡೆಯುವ ಓಟ ಅಂದರು. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕ್ತೀವಲ್ಲ, ಅದೇ. ನಮ್ಮ ಜೀವಕೋಶ ಮೊದಲು ಟವೆಲ್ ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಸೀಟಿಲ್ಲ. ಒಳ್ಳೆ ಕೋಟಿಂಗ್ ಕೆಲಸ ಅಂದರೆ ಆ ಮೊದಲ ಕೆಲವು ದಿನ ಬಾಗಿಲಲ್ಲಿ ನಿಂತು ಕಾಯೋದು.

ಈಗ ಇರುವವು: ಜೆಂಟಾಮೈಸಿನ್ ಲೇಪಿಸಿದ ಮೊಣಕಾಲ ಕೆಳಗಿನ ಮೂಳೆಯ ರಾಡ್, ಕ್ಯಾನ್ಸರ್ ಗಡ್ಡೆ ತೆಗೆದಮೇಲೆ ಹಾಕುವ ದೊಡ್ಡ ಇಂಪ್ಲಾಂಟ್‌ಗಳಿಗೆ ಬೆಳ್ಳಿ, ಜಪಾನಿನ ಕನಜಾವಾದಲ್ಲಿ ಅಯೋಡಿನ್. ಆದರೆ ಲ್ಯಾಬ್‌ನಲ್ಲಿ ಗೆದ್ದಿದ್ದೆಲ್ಲ ಮನುಷ್ಯರ ಮೈಯಲ್ಲಿ ಗೆಲ್ಲಲ್ಲ. ಬೆಳ್ಳಿಯ ಕಥೆ ಕೇಳಿ. ಮೆದುಳಿನ ನೀರು ಹೊಟ್ಟೆಗೆ ಇಳಿಸುವ ಶಂಟ್ ನಳಿಕೆಯ ಮೇಲೆ ಬ್ರಿಟನ್‌ನಲ್ಲಿ ದೊಡ್ಡ ಪರೀಕ್ಷೆ ನಡೆಸಿ 2019ರಲ್ಲಿ ಪ್ರಕಟಿಸಿದರು. ಮಾಮೂಲಿ ನಳಿಕೆಯಲ್ಲಿ ಇನ್ಫೆಕ್ಷನ್ 100ಕ್ಕೆ 6, ಆ್ಯಂಟಿಬಯೋಟಿಕ್ ನಳಿಕೆಯಲ್ಲಿ 2, ಬೆಳ್ಳಿಯದರಲ್ಲಿ ಮತ್ತೆ 6. ಅಷ್ಟೇ ಅಲ್ಲ, ಹೃದಯಕ್ಕೆ ಹಾಕುವ ಕೃತಕ ಕವಾಟದ ಸುತ್ತಲಿನ ಹೊಲಿಗೆ ಪಟ್ಟಿಗೆ ಬೆಳ್ಳಿ ಹಾಕಿ ಮಾರಿದ್ದರು, ಅಂಚಿನಲ್ಲಿ ರಕ್ತ ಸೋರುವುದು ಜಾಸ್ತಿ ಕಂಡು 2000ದ ಜನವರಿಯಲ್ಲಿ ವಾಪಸ್ ತೆಗೆದುಕೊಂಡರು. ಬ್ಯಾಕ್ಟೀರಿಯಾ ಬೇಡ ಅನ್ನುವ ಮೇಲ್ಮೈ ಕೆಲವೊಮ್ಮೆ ನಮ್ಮ ಜೀವಕೋಶವನ್ನೂ ಬೇಡ ಅನ್ನುತ್ತೆ. ನನಗಂತೂ ಇಷ್ಟವಾದದ್ದು ಜೀರುಂಡೆ. ಅದರ ರೆಕ್ಕೆ ಮೇಲಿನ ಕಣ್ಣಿಗೆ ಕಾಣದ ಮೊಳೆಗಳು ಕೂತ ಬ್ಯಾಕ್ಟೀರಿಯಾವನ್ನು ಹರಿದು ಕೊಲ್ಲುತ್ತವೆ, ಔಷಧಿಯೇ ಇಲ್ಲ. 2012ರಲ್ಲಿ ಆಸ್ಟ್ರೇಲಿಯಾದಲ್ಲಿ ತೋರಿಸಿದರು. ಟೈಟಾನಿಯಂ ಮೇಲೆ ಅಂಥ ಮೊಳೆ ಎಬ್ಬಿಸಲು ಸುಮಾರು ಲ್ಯಾಬ್‌ಗಳು ಕೂತಿವೆ.

ಟೊಮೇಟೊ ಬಾಕ್ಸ್, ಕೋಲಾರ

ನೀವು ಓದಿದವರು ಹೀಗೆ ಅಳೆದು ಸುರಿದು ಮಾತಾಡ್ತೀರಿ. ನನ್ನ ಕಾಲು ನೋಡಿ. ಮುಳಬಾಗಿಲು ರಸ್ತೆಯಲ್ಲಿ ಬೈಕ್ ಬಿದ್ದು ಮೂಳೆ ಚರ್ಮ ಹರಿದು ಆಚೆ ಬಂದಿತ್ತು, ಗಾಯದ ತುಂಬ ಮಣ್ಣು. ರಾಡ್ ಹಾಕಿದರು. ಐದನೇ ವಾರ ಹೊಲಿಗೆ ಹತ್ತಿರ ಒಂದು ಮೊಡವೆ ಥರ ಬಂತು, ಸೆಖೆ ಗುಳ್ಳೆ ಅಂತ ಪೌಡರ್ ಹಚ್ಚಿಕೊಂಡೆ. ಒತ್ತಿದರೆ ಅಕ್ಕಿ ಗಂಜಿ ಥರ ಬರುತ್ತಿತ್ತು. ಆಮೇಲೆ ರಾಡ್ ತೆಗೆದು, ಆ್ಯಂಟಿಬಯೋಟಿಕ್ ಸಿಮೆಂಟನ್ನು ಮಣಿ ಮಾಡಿ ತಂತಿಗೆ ಪೋಣಿಸಿ ಒಳಗಿಟ್ಟರು. ಎಕ್ಸ್‌ರೇಯಲ್ಲಿ ಕಾಲೊಳಗೆ ಜಪಮಾಲೆ! ಹನ್ನೊಂದು ತಿಂಗಳು ಟೊಮೇಟೊ ಮಾರ್ಕೆಟ್ ಕಡೆ ತಲೆ ಹಾಕಿಲ್ಲ. ಕೋಟಿಂಗ್ ರಾಡ್ ಇದೆ ಅಂತ ಅವತ್ತು ಯಾರಾದರೂ ಹೇಳಿದ್ದರೆ ಬೈಕ್ ಮಾರಿ ಹಾಕಿಸಿಕೊಳ್ಳುತ್ತಿದ್ದೆ.

ಗೂಡಿನ ಮಾರ್ಕೆಟ್, ಶಿಡ್ಲಘಟ್ಟ

ಅಣ್ಣ, ನಿಮ್ಮ ವಿಷಯದಲ್ಲಿ ನಿಮ್ಮ ಮಾತೇ ಸರಿ. ಮೂಳೆ ಆಚೆ ಬಂದು ಮಣ್ಣು ಮೆತ್ತಿದ ಗಾಯಕ್ಕೆ ಅಪಾಯ ಎಷ್ಟೋ ಪಟ್ಟು ಜಾಸ್ತಿ, ಆ ಜೆಂಟಾಮೈಸಿನ್ ರಾಡ್ ಮಾಡಿದ್ದೇ ಅಂಥವರನ್ನು ನೆನೆದು. ಮೊದಲ ಸಲ ಮಂಡಿ ಬದಲಿಸುವವರಲ್ಲಿ ಇನ್ಫೆಕ್ಷನ್ ಆಗೋದು ನೂರಕ್ಕೆ ಒಬ್ಬಿಬ್ಬರಿಗೆ. ಅವರಿಗೆ 45 ಸಾವಿರದ ಲೆಕ್ಕ ಬೇರೆ.

ಕೊಬ್ಬರಿ ಗಿಟುಕು, ತಿಪಟೂರು

ನಿನ್ನೆ ಹೋಗಿ ಡಾಕ್ಟರ್‌ನ ನೇರ ಕೇಳಿದೆ. ಚಿನ್ನದ್ದು ಅಲರ್ಜಿಗೆ, ನಿಮಗೆ ಬೇಡ, ಸಿಮೆಂಟ್‌ನಲ್ಲಿ ಔಷಧಿ ಇದ್ದೇ ಇರುತ್ತೆ ಅಂದರು. ಆಮೇಲೆ ಅಮ್ಮನಿಗೆ ಚಪ್ಪಲಿ ಬಿಚ್ಚಿ ಅಂದರು. ಹಿಮ್ಮಡಿ ಒಡೆದು ಸೀಳಿತ್ತು, ಸೀಳಿನೊಳಗೆ ಸಗಣಿ ಕಪ್ಪಗೆ ಕೂತಿತ್ತು. ಕಿರುಬೆರಳ ಸಂದಿ ಬೆಳ್ಳಗೆ ಕೊಳೆತು ಹುಣ್ಣಾಗಿತ್ತು. ನಾನು ಒಂದು ದಿನವೂ ನೋಡಿಲ್ಲ. ಮೂರು ತಿಂಗಳ ಶುಗರ್ 9.1 ಬಂತು. ಇಷ್ಟಿಟ್ಟುಕೊಂಡು ಯಾವ ಮಂಡಿ ಹಾಕಿದರೂ ನಾನು ಒಪ್ಪಲ್ಲ ಅಂತ ಡೇಟ್ ಎರಡು ತಿಂಗಳು ಮುಂದೆ ಹಾಕಿದರು. ಕಾಲು ಒಣಗಿರಬೇಕು, ಕೊಟ್ಟಿಗೆಗೆ ಇಳಿಯಬಾರದು. ಅಮ್ಮ ಸಿಟ್ಟಾಗಿದ್ದಾರೆ. ಹಾಲು ಈಗ ನಾನೇ ಕರೆಯೋದು, ಹಸು ಎರಡು ಸಲ ಒದ್ದಿದೆ.

ಓಟಿ ಸಿಸ್ಟರ್, ತುಮಕೂರು

ಒಳ್ಳೆ ಡಾಕ್ಟರ್ ಸಿಕ್ಕಿದ್ದಾರೆ, ಬಿಡಬೇಡಿ. ಹಲ್ಲು ಹುಳುಕಿದ್ದರೆ ಈಗಲೇ ತೋರಿಸಿ. ಇನ್ನೊಂದು, ಹಿಂದಿನ ದಿನ ಮನೆಯಲ್ಲಿ ಬ್ಲೇಡ್ ಹಾಕಿ ಕಾಲಿನ ಕೂದಲು ತೆಗೆಯಬೇಡಿ, ಸಣ್ಣ ಸಣ್ಣ ಗೀರು ಬೀಳುತ್ತೆ. ತೆಗೆಯಬೇಕಿದ್ದರೆ ಇಲ್ಲಿ ಕ್ಲಿಪ್ಪರ್‌ನಲ್ಲಿ ತೆಗೆಯುತ್ತಾರೆ.