ಟಾಕೀಸ್ ಒಡೆದು ಎತ್ತರದ ಕಟ್ಟಡ ಬರುತ್ತಂತೆ, ಮುಂದಿನ ಅಂಗಡಿಯವರು ಏನು ಮಾಡಬೇಕು?

ಮೈಸೂರಿನ ಗಾಂಧಿ ಸ್ಕ್ವೇರ್ ಕಡೆ ಒಂದು ಹಳೇ ಟಾಕೀಸ್ ಮುಂದೆ ನಮ್ಮಪ್ಪನ ವಾಚ್ ರಿಪೇರಿ ಅಂಗಡಿ ಇದೆ. 8 ಅಡಿ ಅಗಲ, 12 ಅಡಿ ಉದ್ದ, ಅಷ್ಟೇ. ಪಕ್ಕದಲ್ಲಿ ಬೀಡಾ ಅಂಗಡಿ, ಟೈಲರ್, ಕಬ್ಬಿನ ಹಾಲು, ಒಟ್ಟು ಏಳು ಅಂಗಡಿ. ಕೊರೊನಾ ಆದಮೇಲೆ ಶಾಂತಲಾ, ಲಕ್ಷ್ಮಿ ಟಾಕೀಸ್‌ಗಳು ಮುಚ್ಚಿದ ಹಾಗೆ ಇಲ್ಲೂ ಆಟ ನಿಂತಿತು. ಈಗ ಮಾಲೀಕರು ಜಾಗ ಬಿಲ್ಡರ್‌ಗೆ ಕೊಟ್ಟಿದ್ದಾರೆ. ಮೂರು ತಿಂಗಳಲ್ಲಿ ಖಾಲಿ ಮಾಡಿ, ಹೊಸ ಕಟ್ಟಡದಲ್ಲಿ ನಿಮಗೂ ಜಾಗ ಕೊಡ್ತೀವಿ ಅಂತಾರೆ. ಕಾಗದದಲ್ಲಿ ಏನೂ ಇಲ್ಲ. 11 ತಿಂಗಳ ಕರಾರು ಮುಗಿದು ಎಷ್ಟೋ ವರ್ಷ ಆಯಿತು, ಬಾಡಿಗೆ ಮಾತ್ರ ಒಂದು ತಿಂಗಳೂ ತಪ್ಪಿಲ್ಲ. ಅಪ್ಪ ರಾತ್ರಿ ನಿದ್ದೆ ಮಾಡ್ತಿಲ್ಲ. ಗೊತ್ತಿರುವವರು ಹೇಳಿ.

ಮಂಡಿ ಮೊಹಲ್ಲಾದವನು:
ಬಾಯಿಮಾತು ನಂಬಿ ಬೀಗದ ಕೈ ಕೊಡಬೇಡಿ. ನಮ್ಮೂರಿನ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ನೆನಪಿಸಿಕೊಳ್ಳಿ. 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು, ಅಂಗಡಿಯವರೆಲ್ಲ ಹೊರಗೆ ಬರಬೇಕಾಯಿತು. ಅಲ್ಲಿ ಹಳೇ ಪುಸ್ತಕ ಮಾರುತ್ತಿದ್ದವರ ಹತ್ತಿರ ಕಾಲೇಜಿನಲ್ಲಿ ನಾನು ಎಷ್ಟು ಪುಸ್ತಕ ಕೊಂಡಿದ್ದೆನೋ ಲೆಕ್ಕವಿಲ್ಲ, ಆಮೇಲೆ ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಹೋದರು. ಅದು ಕುಸಿತ, ನಿಮ್ಮದು ಬೇರೆ, ಒಪ್ಪುತ್ತೇನೆ. ಆದರೆ ಒಮ್ಮೆ ಎದ್ದ ಅಂಗಡಿ ಅದೇ ಜಾಗದಲ್ಲಿ ಮತ್ತೆ ಕೂರೋದು ಬಹಳ ಕಷ್ಟ.

ಅಗ್ರಹಾರದ ವಕೀಲೆ:
ಮೊದಲು ಅಳತೆ ನೋಡಿ. ಬಾಡಿಗೆದಾರರಿಗೆ ರಕ್ಷಣೆ ಕೊಡುವ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅಂಗಡಿಗಳಲ್ಲಿ 14 ಚದರ ಮೀಟರ್ ಒಳಗಿನವಕ್ಕೆ ಮಾತ್ರ ಅನ್ವಯಿಸುತ್ತದೆ, ಅಂದರೆ ಸುಮಾರು 150 ಚದರ ಅಡಿ. ನಿಮ್ಮದು 96. ಬಾಡಿಗೆ ಮೊತ್ತಕ್ಕೂ ಮಿತಿ ಇದೆ, ಹಾಗಾಗಿ ರಸೀದಿ ತೆಗೆದುಕೊಂಡು ಒಬ್ಬ ವಕೀಲರನ್ನು ನೋಡಿ. ಕಾಯ್ದೆಯಿಂದ ಹೊರಗೆ ಬಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು, ಆಗ ನಿಮ್ಮ ಕೈ ಸಡಿಲ. ಏನೇ ಆದರೂ ಕೋರ್ಟ್ ಆದೇಶ ಇಲ್ಲದೆ ಅವರು ಬೀಗ ಹಾಕುವ ಹಾಗಿಲ್ಲ. ಬಾಡಿಗೆ ಬೇಡ ಅಂದರೆ ಬ್ಯಾಂಕಿಗೇ ಹಾಕಿ, ಬಾಕಿ ಉಳಿಸಿಕೊಳ್ಳಬೇಡಿ.

ಸಂತೆಪೇಟೆ ವ್ಯಾಪಾರಿ:
ಜಾಗ ಕೊಟ್ಟರೂ ಯಾವ ಮಹಡಿ ಅಂತ ಬರೆಸಿಕೊಳ್ಳಿ. ನಮ್ಮ ಭಾವನಿಗೆ ಇನ್ನೊಂದು ಊರಿನಲ್ಲಿ ಹೀಗೇ ನೆಲಮಾಳಿಗೆಯ ಮೂಲೆ ಕೊಟ್ಟರು. ವಾಚ್ ನಿಂತುಹೋದವರು ರಸ್ತೆಯಲ್ಲಿ ಹೋಗ್ತಾ ನಿಮ್ಮ ಬೋರ್ಡ್ ನೋಡಿ ಒಳಗೆ ಬರ್ತಾರೆ, ಅಲ್ವಾ? ಸೆಲ್ ಹಾಕಿಸೋಕೆ ಯಾರೂ ಲಿಫ್ಟ್ ಹುಡುಕಲ್ಲ. ಕಟ್ಟುವಷ್ಟು ದಿನ ಎಲ್ಲಿ ಕೂರ್ತೀರಿ, ಆಮೇಲೆ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಎಲ್ಲ ಈಗಲೇ ಆಗಬೇಕು. ಏಳು ಜನ ಒಟ್ಟಿಗೆ ಹೋಗಿ, ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರನ್ನೇ ಎಬ್ಬಿಸ್ತಾರೆ.

ಪ್ರಶ್ನೆ ಕೇಳಿದವನು:
ತುಂಬಾ ಥ್ಯಾಂಕ್ಸ್. ಬೀಡಾ ಅಂಗಡಿಯಣ್ಣ ಆಗಲೇ ಒಂದು ಲಕ್ಷ ತೆಗೆದುಕೊಂಡು ಸಹಿ ಹಾಕಿದ್ದಾರಂತೆ, ಇವತ್ತು ಗೊತ್ತಾಯಿತು. ಉಳಿದ ಅಂಗಡಿಯವರನ್ನು ಭಾನುವಾರ ಮನೆಗೆ ಕರೆದಿದ್ದೇನೆ. ಅಪ್ಪ ರಸೀದಿ ಡಬ್ಬ ಕೆಳಗಿಳಿಸಿದ್ದಾರೆ, 1994ರಿಂದ ಒಂದೂ ಬಿಡದೆ ಇಟ್ಟಿದ್ದಾರೆ.